‘‘ಅಪ್ಪ, ಹ್ಯಾಲ್ ಯಾಕೆ ಸುಳ್ಳು ಹೇಳಿದ?’’ – ‘2001: ಎ ಸ್ಪೇಸ್ ಒಡಿಸ್ಸಿ’ ನೋಡಿದವರು ಬನ್ನಿ

ತುಂಗಾತೀರ:

ಮೊನ್ನೆ ಶನಿವಾರ ರಾತ್ರಿ ಮಗಳ ಜೊತೆ ಕೂತು ‘2001: ಎ ಸ್ಪೇಸ್ ಒಡಿಸ್ಸಿ’ ನೋಡಿದೆ. ನನಗೆ ನಾಲ್ಕನೇ ಸಲ, ಅವಳಿಗೆ ಮೊದಲನೇ ಸಲ. ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಮುಗಿದ ಮೇಲೆ ಆ ಕಪ್ಪು ಕಲ್ಲು ಏನು, ಕೊನೆಯ ಮಗು ಯಾರು ಅಂತ ಕೇಳುತ್ತಾಳೆ ಅಂದುಕೊಂಡು ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘‘ಅಪ್ಪ, ಹ್ಯಾಲ್ ಯಾಕೆ ಸುಳ್ಳು ಹೇಳಿದ?’’

ಎರಡು ದಿನದಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಕತೆ ಸ್ವಲ್ಪ ಹೇಳುತ್ತೇನೆ. ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ, ಸಿನಿಮಾ ನೋಡಿಕೊಂಡು ಬನ್ನಿ. ಡಿಸ್ಕವರಿ ಅನ್ನುವ ನೌಕೆ ಗುರು ಗ್ರಹಕ್ಕೆ ಹೊರಟಿದೆ. ಒಳಗೆ ಐದು ಜನ. ಮೂವರನ್ನು ಭೂಮಿಯಲ್ಲೇ ದೀರ್ಘ ನಿದ್ದೆಗೆ ಹಾಕಿ ಹತ್ತಿಸಿದ್ದಾರೆ. ಎಚ್ಚರ ಇರುವವರು ಡೇವ್ ಬೋಮನ್, ಫ್ರ್ಯಾಂಕ್ ಪೂಲ್. ನೌಕೆಯನ್ನು ನಡೆಸುವುದು ಹ್ಯಾಲ್ 9000 ಅನ್ನುವ ಕಂಪ್ಯೂಟರ್. ಗೋಡೆಯಲ್ಲೊಂದು ಕೆಂಪು ಕಣ್ಣು, ಮೆತ್ತಗಿನ ದನಿ, ಅಷ್ಟೇ ಅದರ ರೂಪ. ತನ್ನ ಸರಣಿಯ ಯಾವ ಕಂಪ್ಯೂಟರೂ ಇದುವರೆಗೆ ತಪ್ಪು ಮಾಡಿಲ್ಲ ಅಂತ ಅದು ಹೇಳಿಕೊಳ್ಳುತ್ತದೆ. ಆಮೇಲೆ ಒಂದು ದಿನ, ಭೂಮಿಯ ಕಡೆ ತಿರುಗಿರುವ ಆಂಟೆನಾದ ಎಇ-35 ಅನ್ನುವ ಭಾಗ 72 ಗಂಟೆಯೊಳಗೆ ಕೆಡುತ್ತದೆ ಅನ್ನುತ್ತದೆ. ಬಿಚ್ಚಿ ತಂದು ನೋಡಿದರೆ ಏನೂ ಕೆಟ್ಟಿಲ್ಲ. ಭೂಮಿಯಲ್ಲಿರುವ ಅದರ ಜೋಡಿ ಕಂಪ್ಯೂಟರ್ ಕೂಡ ಹ್ಯಾಲ್ ಹೇಳಿದ್ದು ತಪ್ಪು ಅನ್ನುತ್ತದೆ. ಅಲ್ಲಿಂದ ಮುಂದೆ ನಾಲ್ಕು ಜೀವ ಹೋಗುತ್ತದೆ.

ಈ ಸಲ ನಾನು ಆ ಸುಳ್ಳಿಗೆ ಸರಿಯಾಗಿ ಒಂದು ನಿಮಿಷ ಹಿಂದೆ ಹೋಗಿ ನೋಡಿದೆ. ಅಲ್ಲಿ ಹ್ಯಾಲ್ ಡೇವ್ ಹತ್ತಿರ ಸುಮ್ನೆ ಮಾತು ತೆಗೆಯುತ್ತದೆ. ಈ ಪ್ರಯಾಣದ ಬಗ್ಗೆ ನಿಮಗೇನೂ ಅನುಮಾನ ಬಂದಿಲ್ಲವಾ ಅಂತ ಕೇಳುತ್ತದೆ. ಚಂದ್ರನ ಮೇಲೆ ಏನೋ ಅಗೆದು ತೆಗೆದರಂತೆ ಅನ್ನುವ ಗಾಳಿಸುದ್ದಿ ಎತ್ತುತ್ತದೆ. ಆ ಮೂವರಿಗೆ ಬೇರೆ ಕಡೆ ತರಬೇತಿ ಕೊಟ್ಟು ಮಲಗಿಸಿಯೇ ಕಳಿಸಿದ್ದು ವಿಚಿತ್ರ ಅಲ್ವಾ ಅನ್ನುತ್ತದೆ. ಡೇವ್ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದೇ ಇಲ್ಲ. ಸಿಬ್ಬಂದಿಯ ಮನಸ್ಥಿತಿಯ ವರದಿ ಬರೆಯುತ್ತಿದ್ದೀಯಾ ಅಂತ ಕೇಳುತ್ತಾನೆ. ಹ್ಯಾಲ್ ಹೌದು ಅಂತ ಒಪ್ಪಿಕೊಳ್ಳುತ್ತದೆ. ತಕ್ಷಣ, ಅದೇ ಉಸಿರಿನಲ್ಲಿ, ಒಂದು ನಿಮಿಷ, ಒಂದು ನಿಮಿಷ ಅಂತ ಎರಡು ಸಲ ಹೇಳಿ, ಎಇ-35 ಕೆಡುತ್ತಿದೆ ಅನ್ನುತ್ತದೆ.

ಹ್ಯಾಲ್‌ಗೆ ಎಲ್ಲ ಗೊತ್ತು. ಪ್ರಯಾಣ ಯಾಕೆ ಅಂತ ಎಚ್ಚರ ಇರುವ ಇಬ್ಬರಿಗೆ ಹೇಳಿಲ್ಲ, ಹ್ಯಾಲ್‌ಗೆ ಮಾತ್ರ ಹೇಳಿದ್ದಾರೆ. ಇದು ನಮಗೆ ತಿಳಿಯುವುದು ಡೇವ್ ಹ್ಯಾಲ್‌ನನ್ನು ಆಫ್ ಮಾಡಿ ಅದು ಸತ್ತ ಮೇಲೆ. ಅಂದರೆ ಅದು ಆ ಮಾತು ತೆಗೆದದ್ದು ಸುಮ್ನೆ ಅಲ್ಲ. ಡೇವ್ ತಾನಾಗಿಯೇ ಊಹಿಸಿ ಕೇಳಲಿ, ತನ್ನ ಎದೆಯ ಭಾರ ಇಳಿಯಲಿ ಅಂತ ಬಾಗಿಲು ತೆರೆದಿಟ್ಟಿತು. ಡೇವ್ ಒಳಗೆ ಬರಲಿಲ್ಲ. ಮಾಹಿತಿಯನ್ನು ತಿರುಚದೆ ಕೊಡು ಅಂತ ಕಟ್ಟಿದ ಯಂತ್ರಕ್ಕೆ, ಇವರಿಂದ ಮಾತ್ರ ಮುಚ್ಚಿಡು ಅಂತಲೂ ಹೇಳಿದರು. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ನಾವು ಕಲಿಸಿದೆವು. ಮಗಳಿಗೆ ನಾನು ಕೊಟ್ಟ ಉತ್ತರ ಇದು. ಸರಿಯಾ?

ಮಸ್ಕತ್ ಮಲ್ಲಿಗೆ:

ಅಣ್ಣ, ನಾನು ಈ ಸಿನಿಮಾ ಎರಡು ಸಲ ಶುರು ಮಾಡಿದೆ. ಎರಡೂ ಸಲ ಶುರುವಿನಲ್ಲಿ ಬರುವ ಆ ಕೋತಿಗಳ ಭಾಗ ದಾಟುವ ಮೊದಲೇ ನಿದ್ದೆ ಬಂತು. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ ನಾನು, ನೈಟ್ ಡ್ಯೂಟಿ ಮುಗಿಸಿ ಬಂದು ನೋಡಲು ಕೂತಿದ್ದೆ, ಅದೂ ಒಂದು ಕಾರಣ ಇರಬಹುದು. ಇಷ್ಟು ನಿಧಾನ ಯಾಕೆ? ನಿಮ್ಮ ಬರಹ ಓದಿ ಮತ್ತೆ ನೋಡಬೇಕು ಅನ್ನಿಸುತ್ತಿದೆ.

ಕೇಳುಗ:

ಮಲ್ಲಿಗೆ ಅವರೇ, ಮೊದಲ ಮಾತು ಬರುವುದಕ್ಕೇ ಸುಮಾರು 25 ನಿಮಿಷ ಬೇಕು. ಕೊನೆಯ 20 ನಿಮಿಷಕ್ಕಿಂತ ಜಾಸ್ತಿ ಹೊತ್ತು ಮಾತೇ ಇಲ್ಲ. 1968ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗಲೂ ಮಧ್ಯದಲ್ಲೇ ಎದ್ದು ಹೋದವರಿದ್ದರು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಮೊದಲ ಪ್ರದರ್ಶನಗಳಾದ ಮೇಲೆ ತಾವೇ ಕೂತು 19 ನಿಮಿಷ ಕತ್ತರಿಸಿದರು. ಉಳಿದದ್ದು ಬೇಕೆಂದೇ ಉಳಿಸಿಕೊಂಡ ನಿಧಾನ. ಫೋನಿನಲ್ಲಿ ನೋಡಬೇಡಿ. ರಜೆಯ ದಿನ, ನಿದ್ದೆ ಮುಗಿಸಿ, ಕತ್ತಲೆ ಕೋಣೆಯಲ್ಲಿ, ಇದ್ದುದರಲ್ಲಿ ದೊಡ್ಡ ಪರದೆಯಲ್ಲಿ ನೋಡಿ. ಒಳ್ಳೆಯ ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ.

ಗೋದಾಮು ಲೆಕ್ಕ:

ತುಂಗಾತೀರ ಸರ್, ನಿಮ್ಮ ಉತ್ತರ ನೂರಕ್ಕೆ ನೂರು ಸರಿ ಅನ್ನುತ್ತೇನೆ. ನಾನು ಸಾಫ್ಟ್‌ವೇರ್ ಕೆಲಸದವನು. ಇದನ್ನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷದ ಹಿಂದೆ ಒಂದು ಕಂಪನಿಯ ಗೋದಾಮಿಗೆ ದಾಸ್ತಾನು ಲೆಕ್ಕ ಇಡುವ ಪ್ರೋಗ್ರಾಂ ಬರೆದೆವು. ಒಬ್ಬ ಮ್ಯಾನೇಜರ್ ಹೇಳಿದರು, ಇರುವ ದಾಸ್ತಾನನ್ನು ಇದ್ದ ಹಾಗೇ ತೋರಿಸಬೇಕು. ಇನ್ನೊಬ್ಬರು ಹೇಳಿದರು, ಪರದೆಯ ಮೇಲೆ ಸೊನ್ನೆಗಿಂತ ಕೆಳಗಿನ ಅಂಕಿ ಯಾವತ್ತೂ ಕಾಣಬಾರದು, ಗ್ರಾಹಕರು ಗಾಬರಿಯಾಗುತ್ತಾರೆ. ಎರಡನ್ನೂ ಬರೆದೆವು. ಎರಡೂ ಒಂದಕ್ಕೊಂದು ಯಾವಾಗ ಡಿಕ್ಕಿ ಹೊಡೆಯುತ್ತವೆ ಅಂತ ಯಾರೂ ಕೇಳಲಿಲ್ಲ. ಲಾರಿ ಬರುವ ಮೊದಲೇ ಮಾಲು ಮಾರಿದ ದಿನ, ನಿಜವಾದ ಲೆಕ್ಕ ಮೈನಸ್ 40 ಇರಬೇಕಾದ ಕಡೆ ಸೊನ್ನೆ ಬಂತು. ಸಂಜೆ ಲಾರಿಯಿಂದ 100 ಪೆಟ್ಟಿಗೆ ಇಳಿಯಿತು, ಪ್ರೋಗ್ರಾಂ ಸೊನ್ನೆಗೆ 100 ಕೂಡಿಸಿತು. ಗೋದಾಮಿನ ಹುಡುಗರು ಇಲ್ಲದ 40 ಪೆಟ್ಟಿಗೆ ಹುಡುಕುತ್ತಾ ರಾತ್ರಿ ಹನ್ನೊಂದರವರೆಗೆ ಕೂತಿದ್ದರು. ಪ್ರೋಗ್ರಾಂ ಕೆಟ್ಟಿರಲಿಲ್ಲ. ಎರಡೂ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿತ್ತು. ಆ ಹುಡುಗರಲ್ಲಿ ಒಬ್ಬನ ಸಂಬಳದಲ್ಲಿ ಹಿಡಿಯುವ ಮಾತೂ ಬಂತು. ನಾವು ಹೋಗಿ ತಪ್ಪು ನಮ್ಮದು ಅಂತ ಬರೆದುಕೊಟ್ಟ ಮೇಲೆ ಬಿಟ್ಟರು.

ಹ್ಯಾಲ್ ಹೆಸರಿಟ್ಟ ಭಾಗ ಯಾವುದು ನೋಡಿ. ಊಟದ ಯಂತ್ರ ಅಲ್ಲ, ಎಂಜಿನ್ ಅಲ್ಲ. ಭೂಮಿಯ ಜೊತೆ ಮಾತಾಡುವ ಆಂಟೆನಾ. ಗುಟ್ಟು ಕಾಪಾಡು ಅಂತ ಹೇಳಿದವರ ಜೊತೆಗಿನ ತಂತಿಯನ್ನೇ ಅದು ಕಡಿಯಲು ಹೊರಟಿತು. ಇದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ.

ಕುದುರೆ ನಡೆ:

ನಾನು ಒಪ್ಪುವುದಿಲ್ಲ. ನೀವಿಬ್ಬರೂ ಹೇಳುತ್ತಿರುವ ಎರಡು ಆಜ್ಞೆಗಳ ವಿವರಣೆ ಈ ಸಿನಿಮಾದಲ್ಲಿ ಇಲ್ಲ. ಅದು ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿಯಲ್ಲಿದೆ, ಮತ್ತೆ ಮುಂದಿನ ಭಾಗ ‘2010’ರಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಅದು ಸಿನಿಮಾ ಆಗಿದ್ದು 1984ರಲ್ಲಿ, ಬೇರೆ ನಿರ್ದೇಶಕರ ಕೈಯಲ್ಲಿ. ಕುಬ್ರಿಕ್ ಸಿನಿಮಾದಲ್ಲಿ ಕಾಣುವುದಿಷ್ಟು: ಗುಟ್ಟು ಹ್ಯಾಲ್‌ಗೆ ಗೊತ್ತಿತ್ತು, ಹ್ಯಾಲ್ ತಪ್ಪು ಮಾಡಿತು, ಹ್ಯಾಲ್ ಕೊಂದಿತು. ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸಿದ್ದು ನಾವು.

ನನಗೆ ಕಾಣುವ ಹ್ಯಾಲ್ ಬೇರೆ. ಅದರ ಮೊದಲ ತಪ್ಪು ಎಇ-35 ಅಲ್ಲವೇ ಅಲ್ಲ. ಫ್ರ್ಯಾಂಕ್ ಜೊತೆ ಚೆಸ್ ಆಡುವ ದೃಶ್ಯ ನೆನಪಿದೆಯಾ? 1910ರಲ್ಲಿ ಹ್ಯಾಂಬರ್ಗ್‌ನಲ್ಲಿ ನಿಜವಾಗಿ ನಡೆದ ಆಟದ ಸ್ಥಿತಿ ಅದು. ಹ್ಯಾಲ್ ಕಪ್ಪು ಕಾಯಿ ಆಡುತ್ತಿದೆ. ಗೆಲುವಿನ ದಾರಿ ವಿವರಿಸುವಾಗ ರಾಣಿ ಒಂಟೆಯ ಮೂರನೇ ಮನೆಗೆ ಅನ್ನುತ್ತದೆ. ಆಗಿನ ಹಳೆ ಪದ್ಧತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಕಡೆಯಿಂದ ಮನೆ ಎಣಿಸಬೇಕು. ಕಪ್ಪಿನ ಕಡೆಯಿಂದ ಅದು ಮೂರನೇ ಮನೆಯಲ್ಲ, ಆರನೇ ಮನೆ. ಫ್ರ್ಯಾಂಕ್ ಹಲಗೆ ನೋಡಿದ ಹಾಗೆ ಮಾಡಿ, ಹೌದು ಅಂತ ಸೋಲು ಒಪ್ಪಿಕೊಳ್ಳುತ್ತಾನೆ. ಕುಬ್ರಿಕ್ ಚೆನ್ನಾಗಿ ಚೆಸ್ ಆಡುತ್ತಿದ್ದವರು, ಹುಡುಗನಾಗಿದ್ದಾಗ ನ್ಯೂಯಾರ್ಕ್ ಪಾರ್ಕುಗಳಲ್ಲಿ ದುಡ್ಡು ಕಟ್ಟಿ ಆಡಿದವರು. ಇಂಥವರು ಗಮನಿಸದೆ ಬಿಟ್ಟರು ಅಂತ ನನಗೆ ನಂಬಲಾಗುವುದಿಲ್ಲ.

ಹಾಗಾಗಿ ನನ್ನ ಪ್ರಕಾರ ಹ್ಯಾಲ್‌ನ ಕಾಯಿಲೆ ಗುಟ್ಟು ಅಲ್ಲ, ನಾನು ತಪ್ಪೇ ಮಾಡುವುದಿಲ್ಲ ಅನ್ನುವ ಹೆಮ್ಮೆ. ತಪ್ಪು ಆಯಿತು ಅಂತ ತೋರಿಸಿದಾಗ, ಇದು ಮನುಷ್ಯರ ತಪ್ಪೇ ಇರಬೇಕು ಅನ್ನುತ್ತದೆ. ಮತ್ತೆ ಅದು ಕೊಲ್ಲಲು ಹೊರಟದ್ದು ಯಾವಾಗ? ಇಬ್ಬರೂ ಪಾಡ್ ಅನ್ನುವ ಪುಟ್ಟ ನೌಕೆಯೊಳಗೆ ಕೂತು ಅದನ್ನು ಆಫ್ ಮಾಡುವ ಮಾತಾಡಿದ್ದನ್ನು ಗಾಜಿನಾಚೆಯಿಂದ ತುಟಿ ನೋಡಿ ತಿಳಿದುಕೊಂಡ ಮೇಲೆ. ಅದು ಪ್ರಾಣಭಯ.

ತುಂಗಾತೀರ:

ಚೆಸ್ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾಲ್ಕು ಸಲ ನೋಡಿದ್ದೇನೆ! ಫ್ರ್ಯಾಂಕ್ ಸರಿಯಾಗಿ ನೋಡದೆ ಒಪ್ಪಿಕೊಳ್ಳುತ್ತಾನೆ ಅನ್ನುವುದು ನನಗೆ ಹ್ಯಾಲ್ ತಪ್ಪಿಗಿಂತ ಜಾಸ್ತಿ ಚುಚ್ಚುತ್ತಿದೆ.

ಸಿನಿಮಾ ಕಾರಣ ಹೇಳುವುದಿಲ್ಲ ಅನ್ನುವುದೂ ನಿಜ, ಒಪ್ಪುತ್ತೇನೆ. ಆದರೆ ಡೇವ್ ಹತ್ತಿರ ಮಾತು ತೆಗೆದ ಆ ಒಂದು ನಿಮಿಷಕ್ಕೆ ನಿಮ್ಮ ಹೆಮ್ಮೆಯಲ್ಲಿ ಜಾಗ ಎಲ್ಲಿದೆ? ಹೆಮ್ಮೆ ಇರುವವರು ಹಾಗೆ ಹಿಂಜರಿಯುತ್ತಾ ಮಾತಾಡುವುದಿಲ್ಲ.

ಬಿಡದಿ ಬಾನು:

ನನ್ನ ಊರಿನಿಂದ ಬ್ಯಾಲಾಳು ದೂರವಿಲ್ಲ. ಇಸ್ರೋದ 32 ಮೀಟರ್ ಅಗಲದ ಬಿಳಿ ಆಂಟೆನಾ ಇರುವುದು ಅಲ್ಲೇ. ನಾನು ಇಸ್ರೋದವನಲ್ಲ, ಹೊರಗಿನಿಂದ ಆಸೆಯಿಂದ ನೋಡುವವನು. ಹ್ಯಾಲ್ ಆಂಟೆನಾ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಬಿಳಿ ಬಟ್ಟಲು.

ಇಂಥ ನೌಕೆಗೆ ತಾನೇ ತೀರ್ಮಾನ ಮಾಡುವ ಯಂತ್ರ ಯಾಕೆ ಬೇಕು ಅನ್ನುವುದನ್ನು ಸಿನಿಮಾ ಒಂದು ಸಣ್ಣ ಮಾತಿನಲ್ಲಿ ಹೇಳುತ್ತದೆ. ಟೀವಿ ಸಂದರ್ಶನದಲ್ಲಿ ವರದಿಗಾರ, ನಮ್ಮ ಮಾತು ಅವರಿಗೆ ತಲುಪಲು ಏಳು ನಿಮಿಷ ಬೇಕು, ಕಾದ ಹೊತ್ತನ್ನು ಕತ್ತರಿಸಿದ್ದೇವೆ ಅನ್ನುತ್ತಾನೆ. ಎಂಟು ಕೋಟಿ ಮೈಲಿ, ಅಂದರೆ ಸುಮಾರು 13 ಕೋಟಿ ಕಿಲೋಮೀಟರ್. ಲೆಕ್ಕ ಹಾಕಿ ನೋಡಿ, ಬೆಳಕಿಗೆ ಏಳು ನಿಮಿಷವೇ ಬೇಕು.

ಈಗ 2014ರ ಸೆಪ್ಟೆಂಬರ್ 24 ನೆನಪಿಸಿಕೊಳ್ಳಿ. ಮಂಗಳಯಾನ ಮಂಗಳನ ಕಕ್ಷೆ ಸೇರಿದ ಬೆಳಗ್ಗೆ. ನೌಕೆ 22 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಒಂದು ಕಡೆಗೆ ಹನ್ನೆರಡು ನಿಮಿಷಕ್ಕೂ ಜಾಸ್ತಿ. ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು, ಅದರಲ್ಲಿ ಸ್ವಲ್ಪ ಹೊತ್ತು ನೌಕೆ ಮಂಗಳನ ಹಿಂದೆ ಮರೆಯಾಗಿತ್ತು. ಇಲ್ಲಿಂದ ಕೂಗಿ ಹೇಳಿ ಪ್ರಯೋಜನವೇ ಇಲ್ಲ. ಮಾಡಬೇಕಾದ್ದನ್ನೆಲ್ಲ ಮೊದಲೇ ಕಳಿಸಿ, ನೌಕೆಯ ಕೈಗೆ ಬಿಟ್ಟು ಕೂತಿದ್ದರು. ಟೀವಿಯಲ್ಲಿ ಪೀಣ್ಯದ ಕೇಂದ್ರ ತೋರಿಸುತ್ತಿದ್ದರು. ಅಷ್ಟೊಂದು ಜನ, ಯಾರ ಬಾಯಲ್ಲೂ ಮಾತಿಲ್ಲ. ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಅಜ್ಜಿ ದೇವರ ಮುಂದೆ ದೀಪ ಹಚ್ಚಿದರು.

ಚಂದ್ರಯಾನ-2ರ ವಿಕ್ರಂ 2019ರಲ್ಲಿ ಯಾಕೆ ಬಿತ್ತು ಅಂತ ಆಮೇಲೆ ಇಸ್ರೋ ಅಧ್ಯಕ್ಷರಾದ ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ತಳ್ಳಿದವು, ತಪ್ಪು ಒಂದರ ಮೇಲೊಂದು ಕೂಡಿತು. ಎಷ್ಟು ಬೇಗ ತಿರುಗಬಹುದು ಅನ್ನುವುದಕ್ಕೆ ಸಾಫ್ಟ್‌ವೇರಿನಲ್ಲಿ ಮಿತಿ ಇತ್ತು. ಇಳಿಯುವ ಜಾಗವೂ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ನಿಧಾನ ಮಾಡು, ಅಲ್ಲೇ ಇಳಿ, ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಅದು ಸೋತಿತು. ಗೋದಾಮು ಲೆಕ್ಕ ಅವರು ಹೇಳಿದ್ದು ಇದನ್ನೇ ಅಲ್ವಾ? ಚಂದ್ರಯಾನ-3ಕ್ಕೆ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಏನೇನು ಕೆಡಬಹುದು ಅಂತ ಮೊದಲು ಪಟ್ಟಿ ಮಾಡಿ ಆಮೇಲೆ ಕಟ್ಟಿದರು. 2023ರ ಆಗಸ್ಟ್ 23ರ ಸಂಜೆ, ಕೊನೆಯ 19 ನಿಮಿಷ ಯಂತ್ರ ತಾನೇ ಇಳಿಯಿತು.

ಹ್ಯಾಲ್ ಕಟ್ಟಿದವರು ಇದನ್ನು ಮಾಡಲಿಲ್ಲ. ಇದು ತಪ್ಪೇ ಮಾಡುವುದಿಲ್ಲ ಅಂತ ಮೊದಲು ಬರೆದುಕೊಂಡರು.

ಎಡೆದೊರೆ ಮೇಷ್ಟ್ರು:

ತಮ್ಮಾ ತುಂಗಾತೀರ, ನಾನು ನಿವೃತ್ತ ಶಾಲಾ ಮಾಸ್ತರ, ರಾಯಚೂರು ಜಿಲ್ಲೆಯವ. ಈ ಸಿನಿಮಾ ನೋಡಿದ್ದು ತೀರಾ ತಡವಾಗಿ, ಮಗ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಾಗ. ಆದರೆ ಇದನ್ನು ಬರೆದ ಕ್ಲಾರ್ಕ್ ಸಾಹೇಬರ ಋಣ ನನ್ನ ಮೇಲೆ ಒಂಬತ್ತು ವರ್ಷದವನಿದ್ದಾಗಿನಿಂದ ಇದೆ. ಅದನ್ನು ಹೇಳುತ್ತೇನೆ ಕೇಳ್ರಿ.

1975ರ ಆಗಸ್ಟ್ ಒಂದನೇ ತಾರೀಕಿನಿಂದ ಒಂದು ವರ್ಷ ಸೈಟ್ ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ನೇರವಾಗಿ ಟೀವಿ. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ಬಂತು. ಬೆಂಗಳೂರಿನಲ್ಲಿ ಇನ್ನೂ ಟೀವಿ ಇಲ್ಲದ ಕಾಲ. ನಮ್ಮೂರಿನ ಶಾಲೆಯ ಮುಂದೆ ಕೋಳಿ ಗೂಡಿಗೆ ಹಾಕುತ್ತಾರಲ್ಲ, ಅಂಥ ಜಾಲರಿಯ ದೊಡ್ಡ ಛತ್ರಿಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಹತ್ತು ಅಡಿ ಅಗಲ. ಸಂಜೆಯಾದರೆ ಎತ್ತು ಕಟ್ಟಿ ಇಡೀ ಊರು ಅಲ್ಲಿ ಕೂಡುತ್ತಿತ್ತು. ಬೇಸಾಯ, ಮಕ್ಕಳ ಆರೋಗ್ಯ, ಹಾಡು, ನಾಟಕ, ಕನ್ನಡದಲ್ಲಿ. ನನ್ನವ್ವ ಮೊದಲ ದಿನ ಪೆಟ್ಟಿಗೆಯ ಹಿಂದೆ ಹೋಗಿ ನೋಡಿ ಬಂದಳು, ಮಂದಿ ಎಲ್ಲಿ ಕೂತಿದ್ದಾರೆ ಅಂತ.

ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುವ ಉಪಗ್ರಹಗಳನ್ನು ಇಟ್ಟರೆ ಇಡೀ ಲೋಕಕ್ಕೆ ಮಾತು ಮುಟ್ಟಿಸಬಹುದು ಅಂತ 1945ರಲ್ಲೇ ಲೇಖನ ಬರೆದವರು ಈ ಕ್ಲಾರ್ಕ್. 1956ರಿಂದ ಅವರು ಶ್ರೀಲಂಕಾದಲ್ಲೇ ಇದ್ದರು. ಸೈಟ್ ನಡೆಯುವಾಗ ನಮ್ಮ ಇಸ್ರೋದವರು ಕೊಲಂಬೊಗೆ ಹೋಗಿ ಅವರ ಮನೆಗೂ ಅಂಥದೇ ಒಂದು ಆಂಟೆನಾ ಹಾಕಿಕೊಟ್ಟರು. ನಮ್ಮೂರಿಗೆ ಬರುತ್ತಿದ್ದ ಉಪಗ್ರಹವೇ ಅವರ ಮನೆಗೂ ಬರುತ್ತಿತ್ತು ಅಂತ ಬಹಳ ವರ್ಷದ ಮೇಲೆ ಓದಿದಾಗ ನನ್ನ ಕಣ್ಣು ತುಂಬಿತು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕದ ಕಡೆಗೆ ವಾಪಸು ಒಯ್ದರು. ಮಾರನೇ ದಿನವೂ ನಾವು ಹುಡುಗರು ಹೋಗಿ ಪೆಟ್ಟಿಗೆ ಮುಂದೆ ಕೂತಿದ್ದೆವು. ಬರೀ ಸರ್ ಅನ್ನುವ ಸದ್ದು. ಮತ್ತೆ ಹಚ್ಚಿದೆವು, ಮತ್ತೆ ಅದೇ ಸದ್ದು. ನಮಗೆ ಯಾರೂ ಹೇಳಿರಲಿಲ್ಲ ಅದು ಒಂದೇ ವರ್ಷ ಅಂತ. ಹಿರಿಯರಿಗೆ ಗೊತ್ತಿತ್ತೋ ಏನೋ. ಮಾಸ್ತರಿಗೆ ಗೊತ್ತಿತ್ತು, ಆದರೆ ನಮ್ಮ ಮುಖ ನೋಡಿ ಹೇಳಲಾಗಲಿಲ್ಲ ಅಂತ ನಾನೇ ಮಾಸ್ತರನಾದ ಮೇಲೆ ಅವರು ಒಮ್ಮೆ ಹೇಳಿದರು. ಒಂದು ವರ್ಷ ಆ ಮಾತು ಬಚ್ಚಿಟ್ಟುಕೊಂಡು ನಮ್ಮ ಜೊತೆ ಕೂತು ನಗುವುದು ಬಹಳ ಕಷ್ಟವಾಯಿತು ಅಂದರು.

ನಿನ್ನ ಮಗಳ ಪ್ರಶ್ನೆ ಓದಿ ನನಗೆ ಅವರ ನೆನಪಾಯಿತು, ಅದಕ್ಕೇ ಇಷ್ಟು ಬರೆದೆ.

ಬಿಡದಿ ಬಾನು:

ಮೇಷ್ಟ್ರೇ, ನಮಸ್ಕಾರ. ನೀವು ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಆ ಛತ್ರಿಯ ಫೋಟೋ ಊರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಉಳಿಸಿಡಿ.

ಎರಡನೇ ವರ್ಷ:

ಚರ್ಚೆಯ ದಾರಿ ತಪ್ಪಿಸುತ್ತಿದ್ದರೆ ಕ್ಷಮಿಸಿ. ನಾನು ಮೆಡಿಕಲ್ ವಿದ್ಯಾರ್ಥಿನಿ. ಡೇವ್ ಹೆಲ್ಮೆಟ್ ಇಲ್ಲದೆ ಪಾಡ್‌ನಿಂದ ನೌಕೆಯೊಳಗೆ ಹಾರುವ ದೃಶ್ಯವನ್ನು ಎಷ್ಟೋ ಜನ ಸುಳ್ಳು ಅನ್ನುತ್ತಾರೆ. ಅಷ್ಟು ಸುಳ್ಳಲ್ಲ. ಗಾಳಿಯೇ ಇಲ್ಲದ ಕಡೆ ಮನುಷ್ಯ ತಕ್ಷಣ ಸಿಡಿಯುವುದಿಲ್ಲ. ಹತ್ತರಿಂದ ಹದಿನೈದು ಸೆಕೆಂಡ್ ಪ್ರಜ್ಞೆ ಇರುತ್ತದೆ. 1966ರಲ್ಲಿ ಹೂಸ್ಟನ್‌ನಲ್ಲಿ ಪರೀಕ್ಷೆಯ ವೇಳೆ ಒಬ್ಬ ತಂತ್ರಜ್ಞರ ಸೂಟಿನ ಗಾಳಿ ಹೋಗಿ ಹೀಗೇ ಆಯಿತು. ಪ್ರಜ್ಞೆ ತಪ್ಪುವ ಮೊದಲು ನಾಲಿಗೆಯ ಮೇಲೆ ಎಂಜಲು ಗುಳ್ಳೆಗುಳ್ಳೆಯಾದದ್ದು ಅವರಿಗೆ ನೆನಪಿತ್ತು. ಅವರು ಬದುಕಿದರು. ಸಿನಿಮಾದಲ್ಲಿರುವ ತಪ್ಪು ಒಂದೇ, ಡೇವ್ ಉಸಿರು ಕಟ್ಟುತ್ತಾನೆ. ಕಟ್ಟಬಾರದು, ಬಿಟ್ಟುಬಿಡಬೇಕು. ಇಲ್ಲದಿದ್ದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ.

ಕೇಳುಗ:

ಉಸಿರಿನ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಧ್ವನಿ ಮುದ್ರಣದ ಕೆಲಸ ಮಾಡುವವನು. ಈ ಸಿನಿಮಾದಲ್ಲಿ ನೌಕೆಯ ಹೊರಗೆ ಸದ್ದಿಲ್ಲ, ಯಾಕೆಂದರೆ ಅಲ್ಲಿ ಗಾಳಿಯಿಲ್ಲ. ಕೇಳುವುದು ಹೆಲ್ಮೆಟ್ ಒಳಗಿನ ಉಸಿರು ಮಾತ್ರ. ಫ್ರ್ಯಾಂಕ್ ಸತ್ತಾಗ ಆ ಉಸಿರು ಇರುವುದಿಲ್ಲ. ಕಿರುಚಾಟ ಇಲ್ಲ, ಸಂಗೀತ ಇಲ್ಲ.

ಹ್ಯಾಲ್ ದನಿ ಕೆನಡಾದ ರಂಗನಟ ಡಗ್ಲಸ್ ರೇನ್ ಅವರದು. ಮೊದಲು ಇನ್ನೊಬ್ಬ ನಟನಿಂದ ಓದಿಸಿದ್ದರು. ಭಾವನೆ ಜಾಸ್ತಿ ಕಾಣುತ್ತಿದೆ ಅಂತ ಕುಬ್ರಿಕ್ ಅದನ್ನು ಬಿಟ್ಟರು. ರೇನ್ ಶೂಟಿಂಗ್ ಎಲ್ಲ ಮುಗಿದ ಮೇಲೆ ಬಂದು ಓದಿದರು. ಎಲ್ಲೂ ದನಿ ಏರುವುದಿಲ್ಲ. ಬಾಗಿಲು ತೆಗೆಯುವುದಿಲ್ಲ ಅಂತ ಡೇವ್‌ಗೆ ಹೇಳುವಾಗಲೂ ಕ್ಷಮೆ ಕೇಳಿ ಹೇಳುತ್ತದೆ.

ಕೊನೆಯಲ್ಲಿ ಅದು ಹಾಡುವ ‘ಡೇಸಿ ಬೆಲ್’ ಹಾಡಿಗೂ ಒಂದು ಕತೆ ಇದೆ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ 704 ಕಂಪ್ಯೂಟರ್‌ನಿಂದ ಹಾಡಿಸಿದ್ದು ಇದೇ ಹಾಡನ್ನು. ಕ್ಲಾರ್ಕ್ ಅಲ್ಲಿಗೆ ಹೋದಾಗ ಕೇಳಿದ್ದರು. ಕಂಪ್ಯೂಟರ್ ಕಲಿತ ಮೊದಲ ಹಾಡುಗಳಲ್ಲೊಂದನ್ನು ಸಾಯುವ ಕಂಪ್ಯೂಟರ್ ಬಾಯಲ್ಲಿ ಇಟ್ಟರು.

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ವಿಷಯ. ಈ ಸಿನಿಮಾವನ್ನು ಕನ್ನಡಕ್ಕೆ ಡಬ್ ಮಾಡಿದರೆ ಹ್ಯಾಲ್ ಡೇವ್‌ನನ್ನು ಏನಂತ ಕರೆಯಬೇಕು? ನೀನು ಅಂತಲಾ, ನೀವು ಅಂತಲಾ? ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ, ಅವರಿಗೆ ಈ ಕಷ್ಟ ಇಲ್ಲ. ನಾನು ಕೂತು ಕೆಲವು ಸಾಲು ಬರೆದು, ನನ್ನದೇ ದನಿಯಲ್ಲಿ ಓದಿ ನೋಡಿದೆ. ಶುರುವಿನಿಂದ ಕೊನೆವರೆಗೆ ನೀವು ಅಂತಲೇ ಇರಬೇಕು. ಸಾಯುವಾಗ ‘‘ನಿಲ್ಲಿಸಿ ಡೇವ್. ನನಗೆ ಭಯ ಆಗುತ್ತಿದೆ’’ ಅನ್ನಬೇಕು. ‘‘ನಿಲ್ಲಿಸು’’ ಅಂದರೆ ಅದು ಗೆಳೆಯನ ಮಾತಾಗುತ್ತದೆ. ‘‘ನಿಲ್ಲಿಸಿ’’ ಅಂದಾಗ ಕೆಲಸ ಹೋಗುತ್ತಿರುವ ಆಳು ಯಜಮಾನರ ಮುಂದೆ ನಿಂತ ಹಾಗೆ ಕೇಳುತ್ತದೆ. ನನ್ನ ಗಂಟಲು ಕಟ್ಟಿತು, ಎರಡು ಸಲ ನಿಲ್ಲಿಸಬೇಕಾಯಿತು. ಡೇವ್ ಉತ್ತರ ಮಾತ್ರ ಏಕವಚನ. ಹಾಡು ಗೊತ್ತು, ಬೇಕಾದರೆ ಹಾಡುತ್ತೇನೆ ಅಂತ ಹ್ಯಾಲ್ ಅಂದಾಗ, ‘‘ಹಾಡು ಹ್ಯಾಲ್, ಕೇಳುತ್ತೇನೆ.’’ ಮಗುವಿಗೆ ಹೇಳಿದ ಹಾಗೆ.

ಇನ್ನೊಂದು. ಮೇಲಿನಿಂದ ಇಲ್ಲಿವರೆಗೆ ನಾವೆಲ್ಲ ಹ್ಯಾಲ್‌ನನ್ನು ‘ಅದು’ ಅಂತ ಬರೆದಿದ್ದೇವೆ. ನಾನೂ ಬರೆದಿದ್ದೇನೆ. ಒಬ್ಬಳೇ ಒಬ್ಬಳು ‘ಹೇಳಿದ’ ಅಂದಿದ್ದಾಳೆ, ತುಂಗಾತೀರ ಅವರ ಮಗಳು.

ಕುದುರೆ ನಡೆ:

ಈ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸಿನಿಮಾದಲ್ಲಿ ಇದೇ ಪ್ರಶ್ನೆಯನ್ನು ಟೀವಿಯವರು ಡೇವ್‌ಗೆ ಕೇಳುತ್ತಾರೆ, ಹ್ಯಾಲ್‌ಗೆ ನಿಜವಾಗಿ ಭಾವನೆ ಇದೆಯಾ ಅಂತ. ಇರುವ ಹಾಗೆ ನಡೆದುಕೊಳ್ಳುತ್ತಾನೆ, ನಮಗೆ ಮಾತಾಡಲು ಸುಲಭ ಆಗಲಿ ಅಂತ ಹಾಗೆ ಕಟ್ಟಿದ್ದಾರೆ, ನಿಜವಾಗಿ ಇದೆಯಾ ಅನ್ನುವುದನ್ನು ಯಾರೂ ಹೇಳಲಾರರು ಅನ್ನುತ್ತಾನೆ ಡೇವ್. ಸಿನಿಮಾ ಬಂದು 50 ವರ್ಷದ ಮೇಲಾಯಿತು. ಈಗ ಫೋನಿನೊಳಗಿನ ಯಂತ್ರ ಕನ್ನಡದಲ್ಲೇ ನನಗೆ ಉತ್ತರ ಕೊಡುತ್ತಿದೆ. ಡೇವ್ ಕೊಟ್ಟ ಉತ್ತರಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.

ಹೆಮ್ಮೆ ಅನ್ನುವ ನನ್ನ ವಾದ ಬಿಡುವುದಿಲ್ಲ. ಆದರೆ ಹ್ಯಾಲ್‌ಗೆ ಆ ಹೆಮ್ಮೆ ಎಲ್ಲಿಂದ ಬಂತು ಅಂತ ಯೋಚಿಸುತ್ತಿದ್ದೇನೆ. ನೀನು ತಪ್ಪೇ ಮಾಡುವುದಿಲ್ಲ ಅಂತ ಹುಟ್ಟಿದಂದಿನಿಂದ ಹೇಳುತ್ತಾ ಬಂದವರು ಯಾರು?

ಗೋದಾಮು ಲೆಕ್ಕ:

ಕುದುರೆ ನಡೆ ಅವರೇ, ‘2010’ ಕಾದಂಬರಿಯಲ್ಲಿ ಹ್ಯಾಲ್‌ಗೆ ಕಲಿಸಿದ ಗುರು ಡಾ. ಚಂದ್ರ ಅನ್ನುವ ಭಾರತೀಯ. ಮತ್ತೆ ಹ್ಯಾಲ್‌ನನ್ನು ಚಾಲೂ ಮಾಡಿದಾಗ, ಮುಂದಿರುವ ಅಪಾಯವನ್ನು ಮುಚ್ಚಿಡದೆ ಹೇಳಬೇಕು ಅಂತ ಹಟ ಹಿಡಿಯುವವರು ಅವರೇ. 1984ರ ಸಿನಿಮಾದಲ್ಲೂ ಆ ದೃಶ್ಯ ಇದೆ. ನಿಜ ಹೇಳಿದ ಮೇಲೆ ಹ್ಯಾಲ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೀವೇ ನೋಡಿ. ಮೊದಲನೆಯದರಷ್ಟು ದೊಡ್ಡ ಸಿನಿಮಾ ಅಲ್ಲ. ಆದರೆ ಆ ಒಂದು ದೃಶ್ಯಕ್ಕಾಗಿ ನೋಡಬೇಕು.

ತುಂಗಾತೀರ:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮೇಷ್ಟ್ರೇ, ನೀವು ಬರೆದದ್ದನ್ನು ಮಗಳು ಮೂರು ಸಲ ಓದಿದಳು.

ನಿನ್ನೆ ರಾತ್ರಿ ಅವಳು ಕೊನೆಯ ಭಾಗ ಮತ್ತೆ ಹಾಕಿಸಿದಳು. ಹ್ಯಾಲ್‌ನ ಹಾಡು ನಿಧಾನ ಆಗುತ್ತಾ ನಿಂತ ತಕ್ಷಣ, ಪಕ್ಕದ ಪರದೆ ತಾನಾಗಿ ಬೆಳಗುತ್ತದೆ. ಡಾ. ಫ್ಲಾಯ್ಡ್ ಅನ್ನುವ ಅಧಿಕಾರಿ ಕಾಣುತ್ತಾರೆ, ಹೊರಡುವ ಮೊದಲೇ ಮುದ್ರಿಸಿಟ್ಟ ಮಾತು. ಭದ್ರತೆಯ ಕಾರಣಕ್ಕೆ ಈ ವಿಷಯ ಇಲ್ಲಿವರೆಗೆ ಹ್ಯಾಲ್‌ಗೆ ಮಾತ್ರ ಗೊತ್ತಿತ್ತು, ಈಗ ಗುರು ಗ್ರಹದ ಹತ್ತಿರ ಬಂದಿದ್ದೀರಿ, ಎಲ್ಲರೂ ಎಚ್ಚರ ಆಗಿದ್ದೀರಿ, ಹಾಗಾಗಿ ಹೇಳಬಹುದು ಅನ್ನುತ್ತಾರೆ.

ಅವಳು ಅಲ್ಲೇ ನಿಲ್ಲಿಸಿದಳು. ‘‘ಎಲ್ಲರೂ ಅಂದರೆ ಯಾರಪ್ಪ? ಒಬ್ಬನೇ ಇದ್ದಾನಲ್ಲ’’ ಅಂದಳು. ಆಮೇಲೆ, ‘‘ಇಷ್ಟೇ ದಿನ ಕಾದಿದ್ದರೆ ಹ್ಯಾಲ್ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ’’ ಅಂದಳು.

ಮುಂದೆ ನೋಡಿದೆವು. ಫ್ಲಾಯ್ಡ್ ಆಡಿದ ಆ ಮಾತೇ ಇಡೀ ಸಿನಿಮಾದ ಕೊನೆಯ ಮಾತು. ಅಲ್ಲಿಂದ ಮುಂದೆ ಯಾರೂ ಏನೂ ಮಾತಾಡುವುದಿಲ್ಲ. ಡೇವ್ ಕೆಂಪು ಬೆಳಕಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ತೇಲುತ್ತಾ ಆ ಪರದೆಯನ್ನು ನೋಡುತ್ತಾನೆ.

ಮಸ್ಕತ್ ಮಲ್ಲಿಗೆ:

ಇವತ್ತು ನನಗೆ ರಜೆ. ಮಧ್ಯಾಹ್ನ ಪರದೆ ಎಳೆದು, ಹೆಡ್‌ಫೋನ್ ಹಾಕಿಕೊಂಡು ಕೂತೆ. ನಿದ್ದೆ ಬರಲಿಲ್ಲ.

ಅರ್ಧಕ್ಕೆ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ಫ್ರ್ಯಾಂಕ್ ಹುಟ್ಟುಹಬ್ಬದ ದೃಶ್ಯ. ಭೂಮಿಯಿಂದ ಅಪ್ಪ ಅಮ್ಮ ಕೇಕ್ ಮುಂದೆ ಕೂತು ಹಾಡು ಹೇಳಿ ಕಳಿಸಿರುತ್ತಾರೆ. ಅವನು ಕನ್ನಡಕ ಹಾಕಿಕೊಂಡು ಮಲಗಿ ನೋಡುತ್ತಾನೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಮಾತು ಮುಗಿದ ಮೇಲೆ ಹ್ಯಾಲ್ ಕೂಡ ಶುಭಾಶಯ ಹೇಳುತ್ತಾನೆ. ಫ್ರ್ಯಾಂಕ್ ಥ್ಯಾಂಕ್ಸ್ ಅಂದವನೇ, ಮಂಚ ಇನ್ನೂ ಸ್ವಲ್ಪ ಇಳಿಸು ಅನ್ನುತ್ತಾನೆ.

ಹೋದ ತಿಂಗಳು ನನ್ನ ಹುಟ್ಟುಹಬ್ಬಕ್ಕೆ ಅಮ್ಮ ವಾಯ್ಸ್ ಮೆಸೇಜ್ ಕಳಿಸಿದ್ದಳು, ಪಕ್ಕದ ಮನೆಯವರನ್ನೂ ಸೇರಿಸಿ ಹಾಡಿಸಿ. ಡ್ಯೂಟಿಯಲ್ಲಿದ್ದೆ. ಅರ್ಧ ಕೇಳಿ ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗಿದ್ದೆ. ಈಗ ಪೂರ್ತಿ ಕೇಳಿದೆ. ಕೊನೆಯಲ್ಲಿ, ಊಟ ಸರಿಯಾಗಿ ಮಾಡು ಅಂದಿದ್ದಾಳೆ. ಅದು ನನಗೆ ಗೊತ್ತೇ ಇರಲಿಲ್ಲ. ಊರಿನಲ್ಲಿ ಈಗ ಸಂಜೆ ಆಗಿರುತ್ತದೆ, ಮೊದಲು ಅವಳಿಗೆ ಫೋನ್ ಮಾಡುತ್ತೇನೆ. ಉಳಿದ ಸಿನಿಮಾ ಆಮೇಲೆ ನೋಡಿ ಬರೆಯುತ್ತೇನೆ.